ಮ್ಯಾಜಿಸ್ಟ್ರೇಟ್ ಕೋರ್ಟು ಅರ್ಥವಾಗಬೇಕಾದರೆ ಏನು ಓದಬೇಕು?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ನಮ್ಮೂರಲ್ಲಿ ಅಡಿಕೆ ಕಳ್ಳತನ ಆಗಿತ್ತು. ಮಾಲು ಸಿಕ್ಕಾಗ ಪೊಲೀಸರು ನನ್ನನ್ನು ಪಂಚ ಅಂತ ಕರೆದು ಮಹಜರಿಗೆ ಸಹಿ ಹಾಕಿಸಿಕೊಂಡಿದ್ದರು. ಈಗ ಸಾಕ್ಷಿ ಹೇಳೋಕೆ ಜೆಎಂಎಫ್‌ಸಿ ಕೋರ್ಟಿನಿಂದ ಸಮನ್ಸ್ ಬಂತು. ಹೋಗಿ ಸಂಜೆವರೆಗೂ ಕೂತೆ. ಕೊನೆಗೆ ಇನ್ನೊಂದು ತಾರೀಕು ಕೊಟ್ಟು ಕಳಿಸಿದರು. ಅಲ್ಲಿ ಏನು ನಡೆಯಿತು, ಯಾಕೆ ನಡೆಯಿತು ಒಂದೂ ತಿಳಿಯಲಿಲ್ಲ. ಈ ಮ್ಯಾಜಿಸ್ಟ್ರೇಟ್ ಕೋರ್ಟುಗಳ ಬಗ್ಗೆ ಸರಿಯಾಗಿ ತಿಳಿದುಕೊಳ್ಳುವ ಆಸೆ. ವಕೀಲನಾಗುವ ವಯಸ್ಸಲ್ಲ. ಏನು ಓದಲಿ? ಕನ್ನಡದ್ದಾದರೆ ಸಂತೋಷ, ಇಂಗ್ಲಿಷ್ ಆದರೂ ಪರವಾಗಿಲ್ಲ.

ಉತ್ತರ: ಮೇಷ್ಟ್ರೇ, ಪುಸ್ತಕದಂಗಡಿಗೆ ಹೋಗಿ ಕ್ರಿಮಿನಲ್ ಕಾನೂನಿನ ಪುಸ್ತಕ ಕೊಡಿ ಅಂದರೆ ಸಾವಿರ ಪುಟದ ದಪ್ಪ ಪುಸ್ತಕ ತೆಗೆದುಕೊಡುತ್ತಾರೆ. ಅದರಿಂದ ಶುರು ಮಾಡಬೇಡಿ. ಅದು ವಕೀಲರು ಬೇಕಾದ ಸೆಕ್ಷನ್ ಹುಡುಕಿಕೊಳ್ಳಲು ಇರುವಂಥದ್ದು, ಕೂತು ಓದುವುದಕ್ಕಲ್ಲ. ದೊಡ್ಡ ದೊಡ್ಡ ಕೊಲೆ ಕೇಸುಗಳ ಕತೆಗಳಿಂದಲೂ ಶುರು ಮಾಡಬೇಡಿ. ಅವು ಇದಕ್ಕಿಂತ ಮೇಲಿನ ಸೆಷನ್ಸ್ ಕೋರ್ಟಿನ ಕತೆಗಳು. ನೀವು ಕೂತಿದ್ದ ಬೆಂಚಿನ ಮುಂದೆ ನಡೆಯುವುದು ಬೇರೆ.

ಮೊದಲು ಅಲ್ಲಿ ಕೂತಿರುವವರು ಯಾರು ಅನ್ನುವುದು ತಿಳಿದಿರಲಿ. ತಾಲೂಕು ಊರುಗಳಲ್ಲಿ ಬೋರ್ಡಿನ ಮೇಲೆ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ’ ಅಂತ ಇರುತ್ತದೆ. ಜೆಎಂಎಫ್‌ಸಿ ಅಂದರೆ ಮೊದಲ ದರ್ಜೆಯ ನ್ಯಾಯಿಕ ಮ್ಯಾಜಿಸ್ಟ್ರೇಟರು. ಅಂದರೆ ಜಮೀನಿನ ದಾವೆ ಕೇಳುವವರೂ ಅವರೇ, ಕಳ್ಳತನದ ಕೇಸು ಕೇಳುವವರೂ ಅವರೇ. ಬೆಳಿಗ್ಗೆ ಇಂಜಂಕ್ಷನ್ ಅರ್ಜಿ, ಮಧ್ಯೆ ರಿಮ್ಯಾಂಡ್ (ಬಂಧಿತರನ್ನು ಕಸ್ಟಡಿಗೆ ಕಳಿಸುವ ಆದೇಶ), ಆಮೇಲೆ ಸಾಕ್ಷಿ. ನೀವು ಸಂಜೆವರೆಗೆ ಕಾದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಗಲಾಟೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳುವುದಕ್ಕೆ ಹಳ್ಳಿಗಳಲ್ಲಿ ‘107 ಹಾಕಿದ್ರು’ ಅಂತಾರಲ್ಲ, ಅದು ಇವರ ಮುಂದೆ ನಡೆಯುವುದಲ್ಲ. ಅದು ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದಿನ ವಿಷಯ. ಆ ಸೆಕ್ಷನ್ನಿಗೆ ಈಗ 126 ಅಂತ ನಂಬರು ಬಂದಿದೆ. ಜನ ಹಳೇ ನಂಬರನ್ನೇ ಹೇಳುತ್ತಾರೆ.

ಇನ್ನು ಓದಿನ ವಿಷಯ. ನನ್ನ ಸಲಹೆ ಇಷ್ಟೇ: ತೀರ್ಪಿನ ದಿನದಿಂದ ಓದಬೇಡಿ, ಬಂಧನದ ಮರುದಿನದಿಂದ ಓದಿ. ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರು ಕೊಡಬಹುದಾದ ಜೈಲು ಶಿಕ್ಷೆ ಹೆಚ್ಚೆಂದರೆ 3 ವರ್ಷ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ 7 ವರ್ಷದವರೆಗೆ ಅಧಿಕಾರ. ಇದನ್ನು ನೋಡಿ ಇವು ಚಿಕ್ಕ ಕೋರ್ಟುಗಳು ಅಂತ ಎಷ್ಟೋ ಜನ ತಿಳಿಯುತ್ತಾರೆ. ಆದರೆ ಪೊಲೀಸರು ಯಾರನ್ನೇ ಹಿಡಿದರೂ, ಆರೋಪ ಅಡಿಕೆ ಕಳ್ಳತನವಿರಲಿ ಕೊಲೆಯಿರಲಿ, ಸಾಮಾನ್ಯವಾಗಿ ಆ ಮನುಷ್ಯ ಮೊದಲು ಬಂದು ನಿಲ್ಲುವುದು ಈ ಮ್ಯಾಜಿಸ್ಟ್ರೇಟರ ಮುಂದೆ. ಅವನು ಆ ರಾತ್ರಿ ಮನೆಯಲ್ಲಿ ಮಲಗುತ್ತಾನೋ, ಠಾಣೆಯಲ್ಲೋ, ಜೈಲಿನಲ್ಲೋ ಅನ್ನುವುದು ಅವರ ಒಂದು ಸಹಿಯಿಂದ ತೀರ್ಮಾನವಾಗುತ್ತದೆ. ಶಿಕ್ಷೆ ಕೊಡುವ ಅಧಿಕಾರಕ್ಕಿಂತ ಈ ಸಹಿಯ ಅಧಿಕಾರ ದೊಡ್ಡದು. ಈ ಕೋರ್ಟುಗಳ ಬಗ್ಗೆ ಏನೇ ಓದಿದರೂ ಇದು ನೆನಪಿರಲಿ.

ಹಾಗಾಗಿ ಮೊದಲ ಓದು ಸಂವಿಧಾನದ 22ನೇ ವಿಧಿ. ತುಂಬಾ ಉದ್ದವಿಲ್ಲ. ಬಂಧಿಸಿದವರಿಗೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅನ್ನುವುದು ಅಲ್ಲಿದೆ. ಸಂವಿಧಾನದ ಪರಿಚಯವೇ ಬೇಕು ಅನ್ನಿಸಿದರೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ‘ಸಂವಿಧಾನ ಓದು’ ತಿಳಿಯಾದ ಕನ್ನಡದಲ್ಲಿದೆ.

ಅದಾದ ಮೇಲೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು ಇದು. 531 ಸೆಕ್ಷನ್ ಇದೆ ಅಂತ ಹೆದರಬೇಡಿ. ನಿಮಗೆ ಬೇಕಾದ್ದು ಹತ್ತು ಹನ್ನೆರಡು. 23ರಲ್ಲಿ ಮ್ಯಾಜಿಸ್ಟ್ರೇಟರ ಶಿಕ್ಷೆಯ ಮಿತಿ ಇದೆ. 35ರಲ್ಲಿ ಪೊಲೀಸರು ಯಾವಾಗ ವಾರಂಟ್ ಇಲ್ಲದೆ ಹಿಡಿಯಬಹುದು, ಯಾವಾಗ ಸುಮ್ನೆ ನೋಟಿಸ್ ಕೊಟ್ಟು ಕರೆಯಬೇಕು ಅಂತ ಇದೆ. 58ರಲ್ಲಿ 24 ಗಂಟೆಯ ನಿಯಮ. 187 ರಿಮ್ಯಾಂಡ್. 480 ಜಾಮೀನು. ಇವುಗಳಲ್ಲಿ 187ನ್ನು ಮಾತ್ರ ಎರಡು ಮೂರು ಸಲ ನಿಧಾನಕ್ಕೆ ಓದಿ. ಪೊಲೀಸ್ ಕಸ್ಟಡಿಗೆ ಕೊಡಬೇಕಾದರೆ ಆರೋಪಿ ಖುದ್ದು ಮ್ಯಾಜಿಸ್ಟ್ರೇಟರ ಮುಂದೆ ನಿಂತಿರಬೇಕು, ವಿಡಿಯೊದಲ್ಲಿ ತೋರಿಸಿದರೆ ಆಗಲ್ಲ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಅಷ್ಟನ್ನೂ ಒಂದೇ ಸಲ ತೆಗೆದುಕೊಳ್ಳಬೇಕೆಂದಿಲ್ಲ, ಬಿಡಿಬಿಡಿಯಾಗಿಯೂ ಕೇಳಬಹುದು ಅನ್ನುವುದು ಹೊಸ ಕಾನೂನಿನ ಮಾತು. ಇದರ ಮೇಲೆ ವಾದ ಜಾಸ್ತಿ ನಡೆದಿದೆ. ಚಾರ್ಜ್‌ಶೀಟ್ ಹಾಕಲು 60 ದಿನ, ದೊಡ್ಡ ಅಪರಾಧವಾದರೆ 90 ದಿನ. ಅಷ್ಟರೊಳಗೆ ಹಾಕದಿದ್ದರೆ ಜಾಮೀನು ಕೊಡಲು ಸಿದ್ಧನಿರುವ ಆರೋಪಿಯನ್ನು ಬಿಡಲೇಬೇಕು. ಕೋರ್ಟಿನಲ್ಲಿ ‘ಡಿಫಾಲ್ಟ್ ಬೇಲ್’ ಅನ್ನುವುದು ಇದಕ್ಕೇ.

ಒಂದು ಎಚ್ಚರಿಕೆ. ನಿಮ್ಮ ಕೇಸು 2024ರ ಜುಲೈಗಿಂತ ಮುಂಚೆಯೇ ಕೋರ್ಟಿನಲ್ಲಿದ್ದರೆ ಅದು ಹಳೇ ಸಿಆರ್‌ಪಿಸಿ ಪ್ರಕಾರವೇ ಮುಗಿಯುತ್ತದೆ. ಆಗ 187ರ ಬದಲು 167, 480ರ ಬದಲು 437 ತೆಗೆದು ನೋಡಿ. ವಿಷಯ ಬಹುಮಟ್ಟಿಗೆ ಅದೇ. ಸಮನ್ಸ್ ಮೇಲೆ ಪೊಲೀಸ್ ಠಾಣೆಯ ಕ್ರೈಂ ನಂಬರ್, ಕೋರ್ಟಿನ ಸಿ.ಸಿ. ನಂಬರ್ ಎರಡೂ ಇರುತ್ತವೆ, ವರ್ಷ ಅಲ್ಲೇ ಗೊತ್ತಾಗುತ್ತದೆ. ಈ ಕಾನೂನುಗಳ ಮೂಲಪಾಠ ‘ಇಂಡಿಯಾ ಕೋಡ್’ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಟ್ಟು ಪುಸ್ತಕ ಕೊಳ್ಳಬೇಕಾಗಿಲ್ಲ.

ಮುಂದಿನದನ್ನು ಯಾರೂ ಓದುವ ಪಟ್ಟಿಯಲ್ಲಿ ಸೇರಿಸುವುದಿಲ್ಲ. ನನಗೆ ಮಾತ್ರ ಅದು ಎಲ್ಲಕ್ಕಿಂತ ಮುಖ್ಯ. ಅದು ಆರ್ಡರ್ ಶೀಟ್. ಪ್ರತಿ ತಾರೀಕಿನಲ್ಲೂ ಏನಾಯಿತು ಅಂತ ಕೋರ್ಟು ಬರೆದಿಡುವ ಹಾಳೆ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲೋ ಅದರ ಆ್ಯಪ್‌ನಲ್ಲೋ ನಿಮ್ಮ ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ತಾರೀಕುಗಳ ಪಟ್ಟಿ ಬರುತ್ತದೆ. ಆಯಾ ದಿನದ ಟಿಪ್ಪಣಿಯೂ ಚುಟುಕಾಗಿ ಸಿಗುತ್ತದೆ. ನೀವು ಹೋಗಿದ್ದ ದಿನದ್ದನ್ನು ತೆಗೆದು ನೋಡಿ. ಸುಮಾರಾಗಿ ಹೀಗಿರುತ್ತದೆ: ‘ಎ1 ಹಾಜರು. ಎ2 ಗೈರು, ಇ.ಪಿ. ಸಲ್ಲಿಕೆ, ಅಂಗೀಕೃತ. ಸಿಡಬ್ಲ್ಯೂ2 ಹಾಜರು. ಆರೋಪಿ ಪರ ವಕೀಲರು ಕಾಲಾವಕಾಶ ಕೋರಿದ್ದಾರೆ. ಸಿಡಬ್ಲ್ಯೂ2 ಬೌಂಡ್ ಓವರ್.’

ಇದನ್ನು ಬಿಡಿಸಿ ಓದೋಣ. ಎ1, ಎ2 ಅಂದರೆ ಆರೋಪಿಗಳು. ಎ2 ಬಂದಿಲ್ಲ. ಅವನ ವಕೀಲರು ಇವತ್ತು ಹಾಜರಿಗೆ ವಿನಾಯಿತಿ ಕೊಡಿ ಅಂತ ಅರ್ಜಿ ಹಾಕಿದರು, ಕೋರ್ಟು ಒಪ್ಪಿತು. ಸಿಡಬ್ಲ್ಯೂ2 ಅಂದರೆ ಚಾರ್ಜ್‌ಶೀಟಿನ ಸಾಕ್ಷಿ ಪಟ್ಟಿಯಲ್ಲಿ ಎರಡನೆಯವರು. ಮೇಷ್ಟ್ರೇ, ಆ ಸಿಡಬ್ಲ್ಯೂ2 ನೀವೇ ಇರಬಹುದು. ಸಾಕ್ಷಿಕಟ್ಟೆ ಹತ್ತಿ ಹೇಳಿಕೆ ಕೊಟ್ಟ ಮೇಲಷ್ಟೇ ಪಿಡಬ್ಲ್ಯೂ, ಅಂದರೆ ಪ್ರಾಸಿಕ್ಯೂಷನ್ ಸಾಕ್ಷಿ, ಆಗುತ್ತೀರಿ. ‘ಬೌಂಡ್ ಓವರ್’ ಅಂದರೆ ಮುಂದಿನ ತಾರೀಕಿಗೆ ಬರುತ್ತೇನೆ ಅಂತ ನಿಮ್ಮಿಂದ ಸಹಿ ಹಾಕಿಸಿಕೊಂಡರು, ಇನ್ನೊಂದು ಸಮನ್ಸ್ ಬರುವುದಿಲ್ಲ. ನಿಮ್ಮ ಒಂದಿಡೀ ದಿನ ಅಲ್ಲಿ ಐದು ಪುಟ್ಟ ವಾಕ್ಯ ಆಗಿದೆ. ಆ ಕೇಸಿನ ಹಿಂದಿನ ತಾರೀಕುಗಳನ್ನೂ ಹೀಗೇ ಓದುತ್ತಾ ಹೋಗಿ. ಕೇಸು ಯಾಕೆ ನಿಂತಿದೆ, ಯಾರಿಂದ ನಿಂತಿದೆ, ವಾರಂಟ್ ಹೊರಟಿತಾ, ವಾಪಸ್ ಬಂತಾ ಎಲ್ಲ ತಿಳಿಯುತ್ತದೆ. ಯಾವ ಪುಸ್ತಕವೂ ಇದನ್ನು ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ. ಪೂರ್ತಿ ಹಾಳೆ ಬೇಕಾದರೆ ನಕಲು ಅರ್ಜಿ ಹಾಕಬೇಕು.

ಆರ್ಡರ್ ಶೀಟಿನ ಪಕ್ಕದಲ್ಲೇ ಇಟ್ಟುಕೊಂಡು ಓದಬೇಕಾದ ಸೆಕ್ಷನ್ 346. ಹಳೆಯದರಲ್ಲಿ 309. ಸಾಕ್ಷಿ ಬಂದು ಕೂತಿರುವಾಗ, ವಿಶೇಷ ಕಾರಣ ಬರೆದಿಡದೆ, ವಿಚಾರಿಸದೆ ಮುಂದೂಡುವಂತಿಲ್ಲ ಅಂತ ಅದು ಹೇಳುತ್ತದೆ. ಕಾನೂನು ನಿಮ್ಮ ಪರವಾಗಿಯೇ ಇದೆ. ನಿಮ್ಮ ದಿನ ಹಾಳಾದದ್ದು ಕಾನೂನು ಇಲ್ಲದೆ ಅಲ್ಲ, ಅದನ್ನು ಪಾಲಿಸದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಸಾಕ್ಷಿ ಸಾಕಾಗಿ ಬರುವುದು ಬಿಟ್ಟರೆ ಕೇಸು ಅಲ್ಲಿಗೆ ಸತ್ತಂತೆ. 2000ದಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಾಧ್ವಾ ಇದನ್ನೇ ಬರೆದರು. ಸಾಕ್ಷಿ ದೂರದಿಂದ ಬರುತ್ತಾನೆ, ಕೇಸು ಮುಂದಕ್ಕೆ ಹೋಗಿರುತ್ತದೆ, ಅವನಿಗೆ ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ, ಅವನು ಬೇಸತ್ತು ಕೈಬಿಡುವವರೆಗೂ ಕೇಸು ಮುಂದೂಡುವುದೇ ರೂಢಿಯಾಗಿದೆ ಅನ್ನುವುದು ಅವರ ಮಾತಿನ ಸಾರ. ಪಂಜಾಬಿನ ಕೇಸಿನಲ್ಲಿ ಬರೆದದ್ದು. ಓದಿದರೆ ನಿಮ್ಮ ತಾಲೂಕಿನದೇ ಅನ್ನಿಸುತ್ತದೆ.

ಸುಪ್ರೀಂ ಕೋರ್ಟಿನ ತೀರ್ಪು ಅಂದರೆ ನೂರಾರು ಪುಟ, ಕಬ್ಬಿಣದ ಕಡಲೆ ಅಂತ ಭಯ ಬೇಡ. ಮ್ಯಾಜಿಸ್ಟ್ರೇಟರ ಕೆಲಸಕ್ಕೆ ಸಂಬಂಧಪಟ್ಟ ಕೆಲವು ಒಳ್ಳೆಯ ತೀರ್ಪುಗಳು ಚಿಕ್ಕವು. ನಾನು ಎಲ್ಲರಿಗೂ ಮೊದಲು ಕೊಡುವುದು 1978ರ ಮೋತಿರಾಮ್ ವಿರುದ್ಧ ಮಧ್ಯಪ್ರದೇಶ ರಾಜ್ಯ. ಮೋತಿರಾಮ್ ಗಾರೆ ಕೆಲಸದವನು. ಅವನಿಗೆ ಜಾಮೀನು ಕೊಡಿ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು, ಮೊತ್ತ ನಿಗದಿ ಮಾಡುವುದನ್ನು ಮಾತ್ರ ಕೆಳಗಿನ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತ್ತು. ಅವರು 10,000 ರೂಪಾಯಿಯ ಜಾಮೀನುದಾರ ಬೇಕು ಅಂದರು. 1978ರಲ್ಲಿ ಗಾರೆಯವನಿಗೆ ಹತ್ತು ಸಾವಿರ! ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಜಾಮೀನು ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ತಳ್ಳಿಹಾಕಿ, ಅವನದೇ 1,000 ರೂಪಾಯಿಯ ಮುಚ್ಚಳಿಕೆ ಬರೆಸಿಕೊಂಡು ಬಿಡಿ ಅಂದರು. ಆ ತೀರ್ಪಿನಲ್ಲಿ ನಮ್ಮ ಹೆಸರೂ ಬರುತ್ತದೆ. ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ಬಸ್ತಾರ್‌ನಲ್ಲೋ ಚಾಂದನಿ ಚೌಕದಲ್ಲೋ ಬಂಧಿತನಾದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ ಕೇಳುತ್ತಾರೆ.

ಈ ತೀರ್ಪು ಓದಿ ನಮ್ಮ ಕೋರ್ಟಿನ ಹೊರಗೆ ಪಹಣಿ ಹಿಡಿದು ನಿಂತಿರುವವರನ್ನು ನೋಡಿ. ಜಾಮೀನು ಆದೇಶ ಬೆಳಿಗ್ಗೆಯೇ ಆಗಿರುತ್ತದೆ. ಪಹಣಿ ಇರುವ, ಆಧಾರ್ ಕೊಡಲು ಒಪ್ಪುವ, ಕೂಲಿ ಬಿಟ್ಟು ಬರುವ ಒಬ್ಬ ಮನುಷ್ಯ ಸಿಗದೆ ಆರೋಪಿ ಜೈಲಿನಲ್ಲೇ ಇರುತ್ತಾನೆ. ಹೊರರಾಜ್ಯದಿಂದ ದುಡಿಯಲು ಬಂದವರಿಗಂತೂ ಪಹಣಿ ಇರುವ ಪರಿಚಯದವರು ಎಲ್ಲಿ ಸಿಗಬೇಕು? ಕೃಷ್ಣ ಅಯ್ಯರ್ ಕೇಳಿದ ಪ್ರಶ್ನೆ ಈಗ ನಾವು ಕೇಳಿಕೊಳ್ಳಬೇಕಾದದ್ದು.

ಮೋತಿರಾಮ್ ಆದ ಮೇಲೆ 1979ರ ಹುಸೈನಾರಾ ಖಾತೂನ್ ಓದಿ. ಆರೋಪ ಸಾಬೀತಾದರೂ ಆಗುತ್ತಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಕೇಸು ಅದು. 2014ರ ಅರ್ನೇಶ್ ಕುಮಾರ್ ತೀರ್ಪು ನೇರವಾಗಿ ಮ್ಯಾಜಿಸ್ಟ್ರೇಟರಿಗೇ ಬರೆದಂತಿದೆ. 7 ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಪೊಲೀಸರು ಬಂಧನ ಯಾಕೆ ಬೇಕಾಯಿತು ಅಂತ ಬರೆಯಬೇಕು. ಮ್ಯಾಜಿಸ್ಟ್ರೇಟರು ಅದನ್ನು ಓದಿ ತಮ್ಮ ಕಾರಣವನ್ನೂ ಬರೆಯಬೇಕು, ಸುಮ್ನೆ ಸಹಿ ಹಾಕಿ ಕಳಿಸಿದರೆ ಇಲಾಖಾ ಕ್ರಮಕ್ಕೆ ಗುರಿಯಾಗುತ್ತಾರೆ ಅಂತ ಅದರಲ್ಲಿದೆ. ನಿಮ್ಮೂರಿನ ಅಡಿಕೆ ಕಳ್ಳತನಕ್ಕೂ ಇದು ಅನ್ವಯ. ಮುಂಬೈ ದಾಳಿಯ ಕೇಸಿನ 2012ರ ಕಸಬ್ ತೀರ್ಪು ಬಹಳ ದೊಡ್ಡದು, ಪೂರ್ತಿ ಬೇಡ. ಮೊದಲ ಸಲ ಹಾಜರಾದಾಗಲೇ ಆರೋಪಿಗೆ ‘ನಿನಗೆ ವಕೀಲರ ನೆರವು ಸಿಗುತ್ತದೆ, ದುಡ್ಡಿಲ್ಲದಿದ್ದರೆ ಸರ್ಕಾರವೇ ಕೊಡುತ್ತದೆ’ ಅಂತ ಹೇಳುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಅನ್ನುವ ಭಾಗ ಹುಡುಕಿ ಓದಿ. ದೇಶವೇ ಸಿಟ್ಟಾಗಿದ್ದ ಆರೋಪಿಯ ಕೇಸಿನಲ್ಲೇ ಈ ಮಾತು ಬಂದದ್ದು. ಅದಕ್ಕೇ ಅದರ ತೂಕ ಜಾಸ್ತಿ. ಸುಪ್ರೀಂ ಕೋರ್ಟಿನ ಆಯ್ದ ತೀರ್ಪುಗಳ ಕನ್ನಡ ಅನುವಾದ ಅದರ ವೆಬ್‌ಸೈಟಿನಲ್ಲೇ ಇದೆ. ಭಾಷೆ ಸ್ವಲ್ಪ ಗಡುಸು. ಇಂಗ್ಲಿಷ್ ಮೂಲವನ್ನೂ ತೆರೆದಿಟ್ಟುಕೊಳ್ಳಿ.

ಪುಸ್ತಕಗಳಿಗೆ ಬರುತ್ತೇನೆ. ಕ್ರಮವಾಗಿ ಕಾನೂನು ಕಲಿಯಬೇಕು ಅನ್ನಿಸಿದರೆ ಆರ್.ವಿ. ಕೇಳ್ಕರ್ ಅವರ ಕ್ರಿಮಿನಲ್ ಪ್ರೊಸೀಜರ್ ಪುಸ್ತಕ. ಲಾ ಕಾಲೇಜಿನ ಹುಡುಗರು ಓದುವುದು ಅದನ್ನೇ. ಇಂಗ್ಲಿಷ್ ಸರಳವಾಗಿದೆ, ಮೇಷ್ಟ್ರಿಗೆ ಕಷ್ಟವಾಗುವುದಿಲ್ಲ. ಹೊಸ ಸಂಹಿತೆ ಬಂದ ಮೇಲಿನ ಮುದ್ರಣವನ್ನೇ ಕೇಳಿ ತೆಗೆದುಕೊಳ್ಳಿ. ಕನ್ನಡದಲ್ಲಿ ಸಿ.ಎಚ್. ಹನುಮಂತರಾಯರ ‘ವಕೀಲರೊಬ್ಬರ ವಗೈರೆಗಳು’ ಓದಿ. ಕ್ರಿಮಿನಲ್ ಕೋರ್ಟನ್ನು ಒಳಗಿನಿಂದ ಕಂಡ ವಕೀಲರ ಬರಹ. ಕೋರ್ಟಿನ ಜನ ಹೇಗೆ ಮಾತಾಡುತ್ತಾರೆ ಅನ್ನುವುದು ಕಾನೂನು ಪುಸ್ತಕದಲ್ಲಿ ಸಿಗದು, ಇಂಥ ಪುಸ್ತಕದಲ್ಲಿ ಸಿಗುತ್ತದೆ. ಹಿಂದಿನ ಕಾಲ ತಿಳಿಯಲು ನವರತ್ನ ರಾಮರಾಯರ ‘ಕೆಲವು ನೆನಪುಗಳು’. ಅವರು ಹಳೇ ಮೈಸೂರಿನಲ್ಲಿ ಅಮಲ್ದಾರರಾಗಿದ್ದವರು. ಆಗ ಕಂದಾಯ ವಸೂಲಿಯ ಅಮಲ್ದಾರರ ಕೈಯಲ್ಲೇ ಮ್ಯಾಜಿಸ್ಟ್ರೇಟ್ ಅಧಿಕಾರವೂ ಇತ್ತು. ಆಡಳಿತದಿಂದ ನ್ಯಾಯಾಂಗವನ್ನು ಬೇರೆ ಮಾಡಬೇಕು ಅಂತ ಸಂವಿಧಾನದ 50ನೇ ವಿಧಿ ಯಾಕೆ ಹೇಳಿತು, 1973ರ ಸಿಆರ್‌ಪಿಸಿ ಯಾಕೆ ಎರಡು ಬಗೆಯ ಮ್ಯಾಜಿಸ್ಟ್ರೇಟರನ್ನು ಮಾಡಿತು ಅನ್ನುವುದಕ್ಕೆ ಆ ಕಾಲದ ಚಿತ್ರ ಕಣ್ಣ ಮುಂದಿರಬೇಕು.

ಕೋರ್ಟಿನಲ್ಲಿ ಕೂತು, ನೋಡಿ, ಬರೆದ ಸಂಶೋಧಕರೂ ಇದ್ದಾರೆ. ಪ್ರತೀಕ್ಷಾ ಬಕ್ಷಿ ಗುಜರಾತಿನ ವಿಚಾರಣಾ ನ್ಯಾಯಾಲಯದಲ್ಲಿ ಅತ್ಯಾಚಾರ ಪ್ರಕರಣಗಳನ್ನು ಗಮನಿಸಿ 2014ರಲ್ಲಿ ‘ಪಬ್ಲಿಕ್ ಸೀಕ್ರೆಟ್ಸ್ ಆಫ್ ಲಾ’ ಪ್ರಕಟಿಸಿದರು. ಅದು ಸೆಷನ್ಸ್ ಕೋರ್ಟಿನ ಲೋಕ, ಓದಲು ಮನಸ್ಸು ಗಟ್ಟಿ ಇರಬೇಕು. ಆದರೂ ಸಾಕ್ಷಿ ಯಾಕೆ ತಿರುಗಿಬೀಳುತ್ತಾರೆ, ರಾಜಿ ಹೇಗೆ ಹೊರಗಡೆಯೇ ಆಗಿಬಿಡುತ್ತದೆ ಅನ್ನುವುದನ್ನು ಅಷ್ಟು ಹತ್ತಿರದಿಂದ ತೋರಿಸಿದ ಪುಸ್ತಕ ನಮ್ಮಲ್ಲಿ ಕಡಿಮೆ. ಅಮೆರಿಕದ ಮಾಲ್ಕಮ್ ಫೀಲಿ ಅವರ ‘ದ ಪ್ರಾಸೆಸ್ ಈಸ್ ದ ಪನಿಷ್‌ಮೆಂಟ್’ 1979ರದ್ದು, ನ್ಯೂ ಹೇವನ್ ಎಂಬ ಊರಿನ ಕೆಳ ನ್ಯಾಯಾಲಯದ ಕುರಿತದ್ದು. ಚಿಕ್ಕ ಕೇಸುಗಳಲ್ಲಿ ಕೊನೆಗೆ ಬೀಳುವ ದಂಡಕ್ಕಿಂತ ಕೋರ್ಟಿಗೆ ಅಲೆಯುವುದು, ಕೂಲಿ ಕಳೆದುಕೊಳ್ಳುವುದು, ವಕೀಲರಿಗೆ ಫೀಸು ಕಟ್ಟುವುದೇ ದೊಡ್ಡ ಶಿಕ್ಷೆ ಅನ್ನುವುದು ಅವರು ಕಂಡ ಸತ್ಯ. ಇಂಗ್ಲೆಂಡಿನ ಪ್ಯಾಟ್ ಕಾರ್ಲೆನ್ 1976ರಲ್ಲಿ ‘ಮ್ಯಾಜಿಸ್ಟ್ರೇಟ್ಸ್ ಜಸ್ಟಿಸ್’ ಬರೆದರು. ಕಟಕಟೆ ಎಲ್ಲಿದೆ, ಪೀಠ ಎಷ್ಟು ದೂರದಲ್ಲಿದೆ, ಆರೋಪಿಗೆ ತನ್ನ ಬಗ್ಗೆ ಆಡುತ್ತಿರುವ ಮಾತು ಕೇಳಿಸುತ್ತದಾ ಅನ್ನುವುದನ್ನೆಲ್ಲ ಅವರು ಗಮನಿಸಿದ್ದಾರೆ. ನೀವು ಕೂತಿದ್ದ ಹಿಂದಿನ ಬೆಂಚಿಗೂ ಏನೂ ಕೇಳಿಸಿರಲಿಕ್ಕಿಲ್ಲ, ಅಲ್ವಾ?

ಇಂಗ್ಲೆಂಡಿನ ಪುಸ್ತಕ ಓದುವಾಗ ಒಂದು ಗೊತ್ತಿರಲಿ. ಅಲ್ಲಿನ ಮ್ಯಾಜಿಸ್ಟ್ರೇಟರಲ್ಲಿ ಬಹುಪಾಲು ಜನ ಸಂಬಳವಿಲ್ಲದೆ ಸೇವೆ ಮಾಡುವ ಸಾಮಾನ್ಯ ನಾಗರಿಕರು. ಕಾನೂನು ಪದವಿ ಬೇಕಿಲ್ಲ. ಇಬ್ಬರೋ ಮೂವರೋ ಒಟ್ಟಿಗೆ ಕೂರುತ್ತಾರೆ, ಕಾನೂನು ಹೇಳಿಕೊಡಲು ಪಕ್ಕದಲ್ಲಿ ಒಬ್ಬ ಸಲಹೆಗಾರ ಇರುತ್ತಾರೆ. ನಿಮ್ಮಂಥ ನಿವೃತ್ತ ಮೇಷ್ಟ್ರು ಅಲ್ಲಿ ಮ್ಯಾಜಿಸ್ಟ್ರೇಟರೇ ಆಗಿರಬಹುದಿತ್ತು. ನಮ್ಮಲ್ಲಿ ಅವರು ಪರೀಕ್ಷೆ ಬರೆದು ಬಂದ ನ್ಯಾಯಾಧೀಶರು. ಅಲ್ಲಿನ ತೀರ್ಮಾನಗಳನ್ನು ಹಾಗೇ ಇಲ್ಲಿಗೆ ಹೊಂದಿಸಬೇಡಿ.

ವರದಿಗಳಲ್ಲಿ ಎರಡು ಮೂರು ಸಾಕು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಕೊಟ್ಟ ವರದಿ ನಮ್ಮವರದು ಅನ್ನುವ ಕಾರಣಕ್ಕೂ ಓದಬೇಕು. ಅದರ ಕೆಲವು ಶಿಫಾರಸುಗಳನ್ನು ನಾನು ಒಪ್ಪುವುದಿಲ್ಲ. ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬಹುದು ಅನ್ನುವುದು ಅದರಲ್ಲೊಂದು. ಠಾಣೆಯೊಳಗೆ ಏನು ನಡೆಯುತ್ತದೆ ಅಂತ ತಿಳಿದವರಿಗೆ ಅದು ಒಪ್ಪಿಗೆಯಾಗುವ ಮಾತಲ್ಲ. ಆದರೆ ಬಲಿಪಶುಗಳ ಬಗ್ಗೆ, ಸಾಕ್ಷಿಗಳ ಬಗ್ಗೆ ಅದು ಹೇಳಿದ್ದು ಗಟ್ಟಿ ಮಾತು. ಜಾಮೀನಿನ ಬಗ್ಗೆ ಕಾನೂನು ಆಯೋಗದ 268ನೇ ವರದಿ, 2017ರದ್ದು, ಇದೆ. ಅಂಕಿಅಂಶಕ್ಕೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಟಿಸುವ ಜೈಲು ವರದಿ ನೋಡಿ. 2022ರದ್ದರ ಪ್ರಕಾರ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಅಂದರೆ ನಾಲ್ಕರಲ್ಲಿ ಮೂವರಿಗೆ ಇನ್ನೂ ತೀರ್ಪೇ ಆಗಿಲ್ಲ. ಈ ಸಂಖ್ಯೆಯ ದೊಡ್ಡ ಪಾಲು ಹುಟ್ಟುವುದು ರಿಮ್ಯಾಂಡಿನ ಆ ಸಹಿಯಲ್ಲೇ. ಬೆಂಗಳೂರಿನ ‘ದಕ್ಷ್’ ಸಂಸ್ಥೆ ಕೋರ್ಟುಗಳ ವಿಳಂಬದ ಬಗ್ಗೆ ಮಾಡಿದ ಅಧ್ಯಯನಗಳೂ ಅಂತರ್ಜಾಲದಲ್ಲಿ ಸಿಗುತ್ತವೆ.

ಇಷ್ಟೆಲ್ಲ ಒಟ್ಟಿಗೆ ಬೇಡ. ಮುಂದಿನ ತಾರೀಕಿನೊಳಗೆ 22ನೇ ವಿಧಿ, 187, 346, ಮೋತಿರಾಮ್, ನಿಮ್ಮ ಕೇಸಿನ ತಾರೀಕುಗಳ ಟಿಪ್ಪಣಿ ಇಷ್ಟು ಓದಿಕೊಳ್ಳಿ. ಸಾಕ್ಷಿ ಹೇಳಿದ ಮೇಲೆ ಮಿಕ್ಕಿದ್ದು. ಕೋರ್ಟಿನಲ್ಲಿ ಕೂತು ನೋಡಲು ಯಾರ ಅನುಮತಿಯೂ ಬೇಡ, ಕ್ರಿಮಿನಲ್ ಕೋರ್ಟು ಸಾಮಾನ್ಯವಾಗಿ ಎಲ್ಲರಿಗೂ ತೆರೆದದ್ದು. ಆದರೆ ನೀವು ಸಾಕ್ಷಿಯಾಗಿರುವ ಕೇಸಿನಲ್ಲಿ ಬೇರೆ ಸಾಕ್ಷಿ ಹೇಳುತ್ತಿರುವಾಗ ಒಳಗೆ ಕೂರಬೇಡಿ, ಆಮೇಲೆ ನಿಮ್ಮ ಹೇಳಿಕೆಗೇ ಆಕ್ಷೇಪ ಬರುತ್ತದೆ.

ಆ ದಿನ ಸ್ವಲ್ಪ ಬೇಗ ಹೋಗಿ ಎಪಿಪಿಯವರನ್ನು ಕಾಣಿ, ಅಂದರೆ ಸರ್ಕಾರದ ಪರ ವಕೀಲರು. ನೀವು ಸಹಿ ಹಾಕಿದ ಮಹಜರನ್ನು ಒಮ್ಮೆ ಓದಿಕೊಳ್ಳಲು ಕೇಳಿ. ಮಹಜರು ಎಲ್ಲಿ ನಡೆಯಿತು, ಬೆಳಕಿತ್ತಾ, ಎಷ್ಟು ಚೀಲ, ಸಹಿ ಹಾಕಿದ್ದು ಸ್ಥಳದಲ್ಲಾ ಠಾಣೆಯಲ್ಲಾ ಅಂತ ಆರೋಪಿ ಪರ ವಕೀಲರು ಕೇಳೇ ಕೇಳುತ್ತಾರೆ. ನೆನಪಿದ್ದದ್ದನ್ನು ಹೇಳಿ, ನೆನಪಿಲ್ಲದ್ದನ್ನು ನೆನಪಿಲ್ಲ ಅನ್ನಿ. ಠಾಣೆಯಲ್ಲೇ ಸಹಿ ಹಾಕಿದ್ದರೆ ಹಾಗೇ ಹೇಳಿ, ಯಾರಿಗೂ ಹೆದರಬೇಕಾಗಿಲ್ಲ. ವಾಪಸ್ ಹೊರಡುವ ಮುಂಚೆ ಬೆಂಚ್ ಕ್ಲರ್ಕ್ ಹತ್ತಿರ ಸಾಕ್ಷಿ ಬತ್ತಾ ಕೇಳಿ. ಬಸ್ ಟಿಕೆಟ್ ಇಟ್ಟುಕೊಂಡಿರಿ.